ನಡತೆಯ ಸರ್ಟಿಫಿಕೇಟು ಬರೆಯುವವರು ಯಾರು?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಮಗ್ಗುಲಿನ ಚಾದಂಗಡಿಯಲ್ಲಿ ಮೊನ್ನೆ ಒಂದು ವಾದ ನಡೆಯಿತು. ಚೀಲ ಹೊತ್ತು ದಣಿದು ಕುಳಿತಿದ್ದ ಹಮಾಲಿ ತರುಣನೊಬ್ಬ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಔಟಾದ ಆಟಗಾರನೊಬ್ಬ ಬ್ಯಾಟನ್ನು ನೆಲಕ್ಕೆ ಬಡಿದು ಗೊಣಗುತ್ತ ಹೊರಟುದನ್ನು ಕಂಡು, ಪಕ್ಕದಲ್ಲಿ ಕುಳಿತಿದ್ದ ಕಿರಾಣಿ ಅಂಗಡಿಯ ಯಜಮಾನರು, "ಇಂವಗ ಸಂಸ್ಕಾರ ಇಲ್ಲ ನೋಡಪಾ. ಇಂಥಾವ್ರನ್ನ ತಂಡದಾಗ ಇಟ್ಕೋಬಾರ್ದು" ಎಂದರು. ಹುಡುಗ ಬಿಡಲಿಲ್ಲ. "ಸಾವ್ಕಾರ್ರ, ಅಂವ ಆಡೋದು ನೋಡ್ರಿ. ಅಂವನ ಗುಣ ಕಟಗೊಂಡು ನಮಗೇನ ಆಗಬೇಕಾಗೇತಿ?" ಎಂದ. ಚಾ ಆರುವವರೆಗೂ ಮಾತು ನಡೆದೇ ಇತ್ತು.

ಇಬ್ಬರ ಮಾತನ್ನೂ ನಾವು ಒಪ್ಪಲಾರೆವು. ಆಟಗಾರನ ಗುಣ ನಮಗೆ ಸಂಬಂಧಿಸಿದ್ದಲ್ಲ ಎಂಬ ಹುಡುಗನ ಮಾತು ತಪ್ಪು. ಏಕೆ ತಪ್ಪೆಂಬುದನ್ನು ಮುಂದೆ ಹೇಳುತ್ತೇವೆ. ಆದರೆ ಬ್ಯಾಟು ಬಡಿದನೋ, ಕೈಮುಗಿದು ಹೋದನೋ ಎಂಬುದನ್ನು ನೋಡಿ ಮನುಷ್ಯನ ಗುಣವನ್ನು ತೂಗುವ ಯಜಮಾನರ ತಕ್ಕಡಿ ಅದಕ್ಕಿಂತಲೂ ದೊಡ್ಡ ಮೋಸದ್ದು. ಆ ತಕ್ಕಡಿ ಅವರ ಸ್ವಂತದ್ದೂ ಅಲ್ಲ. ಅವರ ಕೈಗೆ ಅದನ್ನು ಕೊಟ್ಟವರು ಬೇರೆ ಇದ್ದಾರೆ.

ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಿಗೆ "ನಡತೆ" ಎಂಬ ಶಬ್ದದ ರುಚಿ ಚೆನ್ನಾಗಿ ಗೊತ್ತಿದೆ. ಹತ್ತು ವರ್ಷ ತಲೆತಗ್ಗಿಸಿ ದುಡಿದವನು ಒಳ್ಳೆಯ ನಡತೆಯವನು. ಹನ್ನೊಂದನೆಯ ವರ್ಷ ಬೋನಸ್ ಕೇಳಲು ನಾಲ್ವರನ್ನು ಕೂಡಿಸಿಕೊಂಡು ಆಫೀಸಿನ ಬಾಗಿಲಿಗೆ ಹೋದನೆಂದರೆ ಮರುದಿನ ಅವನ ಕೈಗೆ ಬರುವ ಕಾಗದದಲ್ಲಿ ಇರುವ ಶಬ್ದವೇ "ದುರ್ವರ್ತನೆ". ಅವನು ಕುಡಿದು ಬಂದಿರಲಿಲ್ಲ, ಕದ್ದಿರಲಿಲ್ಲ, ಯಾರ ಮೇಲೂ ಕೈಮಾಡಿರಲಿಲ್ಲ. ಕೇಳಿದ್ದನು, ಅಷ್ಟೇ. ಧಣಿಯ ಬಾಯಲ್ಲಿ ಸನ್ನಡತೆ ಎಂದರೆ ಸುಮ್ಮನಿರುವುದು ಎಂದು ಅರ್ಥ.

ಆಟದ ಲೋಕದಲ್ಲಿಯೂ ಇದೇ ಶಬ್ದಕೋಶ ನಡೆಯುತ್ತದೆ. 2023ರ ಜನವರಿಯಲ್ಲಿ ನಮ್ಮ ದೇಶದ ಕುಸ್ತಿಪಟುಗಳು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಪದಕ ತಂದ ಸಾಕ್ಷಿ ಮಲಿಕ್, ಟೋಕಿಯೊದಲ್ಲಿ ಪದಕ ತಂದ ಬಜರಂಗ್ ಪುನಿಯಾ, ವಿಶ್ವ ಸ್ಪರ್ಧೆಯಲ್ಲಿ ಪದಕ ಗೆದ್ದ ವಿನೇಶ್ ಫೋಗಟ್ ಮುಂದಾಳುಗಳು. ಕುಸ್ತಿ ಒಕ್ಕೂಟದ ಅಧ್ಯಕ್ಷನೂ ಸಂಸತ್ಸದಸ್ಯನೂ ಆಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ಮಹಿಳಾ ಪಟುಗಳಿಗೆ ಲೈಂಗಿಕ ಕಿರುಕುಳ ಕೊಟ್ಟನೆಂಬುದು ಆರೋಪ. ಆತ ಅದನ್ನು ಅಲ್ಲಗಳೆದಿದ್ದಾನೆ. ಸತ್ಯ ಯಾವುದೆಂದು ಹೇಳುವುದು ನ್ಯಾಯಾಲಯದ ಕೆಲಸ. ನಾವು ಇಲ್ಲಿ ಕೇಳುವುದು ಬೇರೆ. ಆ ಹೆಣ್ಣುಮಕ್ಕಳು ಏಪ್ರಿಲ್‌ನಲ್ಲಿ ಮತ್ತೆ ಬೀದಿಗೆ ಬಂದಾಗ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ. ಟಿ. ಉಷಾ ಅವರ ಬಾಯಿಂದ ಬಂದ ಶಬ್ದ ಯಾವುದು? ಅಶಿಸ್ತು. ಓಟದ ಹಾದಿಯಲ್ಲಿ ಇಡೀ ದೇಶ ಮೆಚ್ಚಿದ ಹೆಣ್ಣುಮಗಳು, ತನ್ನಂತೆಯೇ ಬೆವರು ಸುರಿಸಿದ ಹೆಣ್ಣುಮಕ್ಕಳಿಗೆ ಹೇಳಿದ ಮಾತು ಅದು. ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆ ನಡೆಯುತ್ತಿದ್ದ ದಿವಸವೇ ಪೊಲೀಸರು ಅವರನ್ನು ರಸ್ತೆಯ ಮೇಲೆ ಎಳೆದಾಡಿ ವ್ಯಾನಿಗೆ ಹಾಕಿದರು. ಗರಡಿಮನೆಯ ಮಣ್ಣಿಗೆ ಹಣೆ ಮುಟ್ಟಿಸಿ ಬೆಳೆದ ನಮ್ಮ ಕಡೆಯ ಪೈಲವಾನರು ಆ ಚಿತ್ರವನ್ನು ಹೇಗೆ ನೋಡಿದರೋ ಅವರೇ ಹೇಳಬೇಕು.

ಆಗ ಕ್ರಿಕೆಟ್ಟಿನ ಮಹಾಪುರುಷರಲ್ಲಿ ಬಾಯಿ ತೆರೆದವರು ಕೆಲವೇ ಜನ. ಬೆಂಗಳೂರಿನ ಅನಿಲ್ ಕುಂಬ್ಳೆ ಎರಡು ದಿನಗಳಲ್ಲಿ, ಪಟುಗಳ ಮೇಲೆ ಕೈಮಾಡಿದ ಸುದ್ದಿಯಿಂದ ತನಗೆ ದುಃಖವಾಯಿತು, ಮಾತುಕತೆಯಿಂದ ಏನನ್ನಾದರೂ ಬಗೆಹರಿಸಬಹುದು ಎಂದು ಬರೆದರು. ಮಾತು ಮೆದುವಾಗಿತ್ತು, ಆದರೆ ಹೇಳಿದರು. 1983ರಲ್ಲಿ ವಿಶ್ವಕಪ್ ಗೆದ್ದ ತಂಡದವರ ಹೆಸರಿನಲ್ಲಿ ಒಂದು ಹೇಳಿಕೆ ಹೊರಬಂದಿತು. ಅದೇ ತಂಡದ ರೋಜರ್ ಬಿನ್ನಿ, ಅವರೂ ಬೆಂಗಳೂರಿನವರೇ, ಆಗ ಕ್ರಿಕೆಟ್ ಬೋರ್ಡಿನ ಅಧ್ಯಕ್ಷರು. ತಾನು ಅಂಥ ಹೇಳಿಕೆ ಕೊಟ್ಟಿಲ್ಲ, ಆಟವನ್ನು ರಾಜಕೀಯದೊಡನೆ ಬೆರೆಸಬಾರದು ಎಂದರು. ಮೈದಾನದ ಮೇಲೆ ಬಿನ್ನಿಯವರ ಬಗೆಗೆ ಯಾರೂ ಕೆಟ್ಟ ಮಾತು ಆಡಿದವರಿಲ್ಲ, ಸಭ್ಯ ಆಟಗಾರರು. ಸಭ್ಯತೆಯ ತಕ್ಕಡಿಯಲ್ಲಿ ತೂಗಿದರೆ ಅವರ ಕಡೆಯೇ ಕೆಳಗಿಳಿಯುತ್ತದೆ. ಆ ತಕ್ಕಡಿಯಲ್ಲಿ ಏನೋ ಕೊರತೆಯಿದೆ ಎಂದು ನಾವು ಹೇಳುವುದು ಇದಕ್ಕಾಗಿಯೇ.

ಬ್ಯಾಡಗಿಯವರಿಗೆ ಮೆಣಸಿನಕಾಯಿಯ ಉಪಮೆ ಹೇಳುವುದೆಂದರೆ ಕುಂಬಾರರ ಓಣಿಯಲ್ಲಿ ಗಡಿಗೆ ಮಾರಿದ ಹಾಗೆ. ಆದರೂ ಹೇಳುತ್ತೇವೆ. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಗುಂಟೂರಿನ ಕಾಯಿ ನಾಲಗೆ ಸುಡುತ್ತದೆ. ಖಾರವೇ ಗುಣವೆಂದು ಎಣಿಸಿದ್ದರೆ ನಮ್ಮ ಪೇಟೆಯ ಮೆಣಸಿನಕಾಯಿಗೆ ಇಷ್ಟು ಬೆಲೆ ಬರುತ್ತಿತ್ತೇ? ಸುಕ್ಕು ನೋಡಬೇಕು, ಬಣ್ಣ ನೋಡಬೇಕು, ಚೀಲದ ಬಾಯಲ್ಲಿ ಹರಡಿದ್ದನ್ನಲ್ಲ, ಕೈ ಒಳಗೆ ಹಾಕಿ ನಡುವಿನದನ್ನು ತೆಗೆದು ನೋಡಬೇಕು. ಮಾಲು ನೋಡುವಾಗ ಇಷ್ಟು ಜಾಣರಾದ ನಾವು ಮನುಷ್ಯರನ್ನು ನೋಡುವಾಗ ಮಾತ್ರ ಖಾರದ ಮೇಲೆ ತೀರ್ಪು ಕೊಡುತ್ತೇವೆ.

ಅಮೇರಿಕದ ಟೆನಿಸ್ ಆಟಗಾರ ಜಾನ್ ಮೆಕೆನ್ರೊ ಗುಂಟೂರಿನ ಜಾತಿಯವನು. 1981ರಲ್ಲಿ ವಿಂಬಲ್ಡನ್ನಿನಲ್ಲಿ ಅಂಪೈರನ ಮೇಲೆ ಎಗರಾಡಿದ, ದಂಡವೂ ಬಿದ್ದಿತು. ಲಂಡನ್ನಿನ ಪತ್ರಿಕೆಗಳಿಗೆ ಅವನು ನಡತೆಗೆಟ್ಟ ಪುಂಡ. ಅದರ ಹಿಂದಿನ ವರ್ಷ, 1980ರಲ್ಲಿ, ದಕ್ಷಿಣ ಆಫ್ರಿಕದ ಬಿಳಿಯರ ಸರಕಾರ ಕರಿಯರಿಗೆಂದು ಬೇಲಿ ಹಾಕಿ ಕೊಟ್ಟ ಬೊಫುತಾಟ್ಸ್ವಾನ ಎಂಬ ಹುಸಿ ರಾಜ್ಯದ ಸನ್ ಸಿಟಿಯಲ್ಲಿ, ಬೋರ್ಗ್‌ನೊಡನೆ ಒಂದೇ ಒಂದು ಪಂದ್ಯ ಆಡಿದರೆ ಸುಮಾರು ಹತ್ತು ಲಕ್ಷ ಡಾಲರ್ ಕೊಡುತ್ತೇವೆಂದು ಅವನಿಗೆ ಕರೆ ಬಂದಿತ್ತು. ಪುಂಡ ಹೋಗಲಿಲ್ಲ. 1982ರಲ್ಲಿ ಅದೇ ದಕ್ಷಿಣ ಆಫ್ರಿಕಕ್ಕೆ ಹಣಕ್ಕಾಗಿ ಕ್ರಿಕೆಟ್ ಆಡಲು ಹೋದ ಇಂಗ್ಲಿಷರ ತಂಡಕ್ಕೆ ಗ್ರಹಾಂ ಗೂಚ್ ನಾಯಕ. ಅವರಿಗೆ ಮೂರು ವರ್ಷ ಬಹಿಷ್ಕಾರ ಬಿದ್ದಿತು, ಅನಂತರ ಅದೇ ಗೂಚ್ ಇಂಗ್ಲೆಂಡಿನ ನಾಯಕನೂ ಆದ. ಹದ ತಪ್ಪದ ಮಾತಿನವರು, ಅಂಪೈರನಿಗೆ ತಲೆಬಾಗಿದವರು, ಎಲ್ಲರೂ ಒಳ್ಳೆಯ ಮನೆತನದ ಹುಡುಗರೇ. 1974ರ ಡೇವಿಸ್ ಕಪ್ ಅಂತಿಮ ಪಂದ್ಯದಲ್ಲಿ ದಕ್ಷಿಣ ಆಫ್ರಿಕದ ಎದುರು ಆಡದೆ ಕಪ್ಪನ್ನೇ ಬಿಟ್ಟುಕೊಟ್ಟ ದೇಶ ನಮ್ಮದು ಎಂಬುದನ್ನು ಈ ಮಾತಿನ ಜೊತೆಗೆ ನೆನೆಯಬೇಕು. ಅಮೃತರಾಜ್ ಸಹೋದರರು ಆಗ ಗೆಲ್ಲುವ ಭರದಲ್ಲಿದ್ದ ತರುಣರು.

ಹಾಗಾದರೆ ಅಂಕಣದೊಳಗಿನ ನಡತೆ ಲೆಕ್ಕಕ್ಕಿಲ್ಲವೇ? ಇದೆ. ನಮ್ಮವರೇ ಆದ ಒಬ್ಬರ ಸಂಗತಿ ಹೇಳುತ್ತೇವೆ.

ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಭಾರತ ತಂಡದ ನಾಯಕರಾದುದು ಎರಡೇ ಟೆಸ್ಟು ಪಂದ್ಯಗಳಲ್ಲಿ. ಎರಡನೆಯದು 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ, ಬೋರ್ಡಿನ ಸುವರ್ಣ ಮಹೋತ್ಸವದ ಪಂದ್ಯ. ಎದುರಿಗೆ ಇಂಗ್ಲೆಂಡು. ನಮ್ಮವರು 242 ಮಾಡಿದ್ದರು. ಇಂಗ್ಲೆಂಡಿನ ಐದು ಜನ 58 ಓಟಗಳಿಗೆ ಬಿದ್ದಿದ್ದರು. ಬೋಥಮ್ ಮತ್ತು ವಿಕೆಟ್ ಕೀಪರ್ ಬಾಬ್ ಟೇಲರ್ ನಿಂತು ಆಡತೊಡಗಿದರು. ಕಪಿಲ್ ದೇವ್ ಚೆಂಡಿಗೆ ಟೇಲರ್ ಕ್ಯಾಚಿತ್ತನೆಂದು ಕೂಗು ಎದ್ದಿತು, ಅಂಪೈರ್ ಬೆರಳೆತ್ತಿದ. ಟೇಲರ್ ತಬ್ಬಿಬ್ಬಾಗಿ ನಿಂತ. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಗಲಿಲ್ಲವೆಂದು ಗೊತ್ತಿತ್ತು. ಹೋಗಿ ಅಂಪೈರನಿಗೆ ಹೇಳಿ ಟೇಲರನನ್ನು ಮರಳಿ ಆಡಲು ಕರೆದರು. ಆ ಜೋಡಿ 171 ಓಟ ಕೂಡಿಸಿತು. ಬೋಥಮ್ 114 ಹೊಡೆದು, ಎರಡು ಸರದಿಗಳಲ್ಲಿ 13 ವಿಕೆಟ್ ಕಿತ್ತ. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥರಿಗೆ ಮತ್ತೆ ನಾಯಕತ್ವ ಬರಲಿಲ್ಲ.

ಈ ಕಥೆಯನ್ನು ಸಭ್ಯತೆಯ ಪಾಠವೆಂದು ಶಾಲೆಯ ಮಕ್ಕಳಿಗೆ ಹೇಳುತ್ತಾರೆ. ನಮಗೆ ಇದರಲ್ಲಿ ಬೇರೆ ಒಂದು ಪ್ರಶ್ನೆ ಕಾಣುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬಿಟ್ಟುಕೊಟ್ಟದ್ದು ವಿಶ್ವನಾಥರೊಬ್ಬರ ಸ್ವತ್ತೇ? ಬಿಸಿಲಿನಲ್ಲಿ ಬೌಲು ಮಾಡಿದವರು ಬೇರೆಯವರು, ಓಡಿ ಓಡಿ ದಣಿದವರು ಹತ್ತು ಜನ. ಇತರರ ದುಡಿಮೆಯ ಫಲವನ್ನು ನಾಯಕನೊಬ್ಬ ಉದಾರನಾಗಿ ದಾನಮಾಡಬಹುದೇ? ಯೂನಿಯನ್ನಿನ ಮುಖಂಡನು ಹೀಗೆ ಮಾಡಿದರೆ ನಾವು ಸುಮ್ಮನಿರುತ್ತೇವೆಯೇ? ಈ ಪ್ರಶ್ನೆಯನ್ನು ನಾವು ಬಹಳ ಸಲ ನಮ್ಮಲ್ಲೇ ಕೇಳಿಕೊಂಡಿದ್ದೇವೆ. ನಮಗೆ ಹೊಳೆದ ಉತ್ತರವೆಂದರೆ, ಆ ವಿಕೆಟ್ಟು ಅವರು ಗಳಿಸಿದ್ದೇ ಅಲ್ಲ. ಅಂಪೈರನ ತಪ್ಪಿನಿಂದ ಮಡಿಲಿಗೆ ಬಿದ್ದದ್ದು. ತಕ್ಕಡಿಯ ದೋಷದಿಂದ ಎರಡು ಕಿಲೋ ಹೆಚ್ಚು ಬಂದರೆ ಅದನ್ನು ರೈತನಿಗೆ ಹಿಂದಿರುಗಿಸುವ ದಲಾಲನು ದಾನಶೂರನಲ್ಲ. ಹಿಂದಿರುಗಿಸದವನನ್ನು ಏನೆನ್ನಬೇಕೋ ಪೇಟೆಯವರಿಗೆ ಹೇಳಿಕೊಡಬೇಕಾಗಿಲ್ಲ. ವಿಶ್ವನಾಥರ ದೊಡ್ಡತನ ಇರುವುದು ಅವರ ನಗುಮುಖದಲ್ಲಲ್ಲ. ನಷ್ಟ ತನಗೇ ಆಗುವುದೆಂದು ಗೊತ್ತಿದ್ದೂ ಲೆಕ್ಕ ಸರಿಮಾಡಿದರಲ್ಲ, ಅದರಲ್ಲಿದೆ.

ಇನ್ನೊಬ್ಬರು ರಾಹುಲ್ ದ್ರಾವಿಡ್. ಇವರ ಸಭ್ಯತೆಯ ಬಗೆಗೆ ಪುಟಗಟ್ಟಲೆ ಬರೆದಿದ್ದಾರೆ, ನಾವು ಬರೆಯಬೇಕಾಗಿಲ್ಲ. 2004ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಜಿಂಬಾಬ್ವೆಯ ಎದುರು ಆಡುವಾಗ, ಬಾಯಲ್ಲಿದ್ದ ಕೆಮ್ಮಿನ ಗುಳಿಗೆಯನ್ನು ಚೆಂಡಿಗೆ ತಿಕ್ಕಿದ್ದು ಕ್ಯಾಮೆರಾಕ್ಕೆ ಸಿಕ್ಕಿ ಪಂದ್ಯದ ಸಂಬಳದಲ್ಲಿ ಅರ್ಧ ದಂಡ ತೆತ್ತವರೂ ಇವರೇ. ಬೇಕೆಂದು ಮಾಡಿದ್ದಲ್ಲ ಎಂದು ತಂಡದವರು ಹೇಳಿದರು. ದಂಡ ಮಾತ್ರ ತಪ್ಪಲಿಲ್ಲ. ಒಂದು ನಿಮಿಷದ ಚಿತ್ರ ನೋಡಿ ಮನುಷ್ಯನಿಗೆ ಜೀವಮಾನದ ತೀರ್ಪು ಬರೆಯುವವರು ಅಂದೇ ಬರೆದುಬಿಡಬಹುದಿತ್ತು.

ಆದರೆ ನಾವು ನೋಡಬೇಕಾದ ದಿನ ಅದಲ್ಲ, 2018ರ ಫೆಬ್ರವರಿ. ಹತ್ತೊಂಬತ್ತು ವರ್ಷದೊಳಗಿನ ಹುಡುಗರು ವಿಶ್ವಕಪ್ ಗೆದ್ದು ಬಂದರು; ದ್ರಾವಿಡ್ ತರಬೇತುದಾರ. ಬೋರ್ಡು ಬಹುಮಾನ ಸಾರಿತು: ದ್ರಾವಿಡರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಮೈ ತಿಕ್ಕುವವರು, ಕಸರತ್ತು ಮಾಡಿಸುವವರು, ಚಿತ್ರ ತೆಗೆದು ಲೆಕ್ಕ ಬರೆಯುವವರು ಮುಂತಾದ ಸಹಾಯಕರಿಗೆ ತಲಾ 20 ಲಕ್ಷ. ದ್ರಾವಿಡ್ ಈ ಭೇದವೇಕೆಂದು ಕೇಳಿದರು. ಕೊನೆಗೆ ಬೋರ್ಡು ತರಬೇತುದಾರನಿಗೂ ಸಹಾಯಕರಿಗೂ ಒಂದೇ ಎಂದು ತಲಾ 25 ಲಕ್ಷ ಮಾಡಿತು. ಇವರ ಕಿಸೆಯಿಂದ 25 ಲಕ್ಷ ಹೋಯಿತು. ಉಳಿದವರ ಕಿಸೆಗೆ ತಲಾ 5 ಲಕ್ಷ ಬಂದಿತು. ಗಿರಣಿಯ ಬಂಧುಗಳೇ, ಬೋನಸ್ಸಿನ ದಿವಸ ತನ್ನ ಪಾಲನ್ನು ಅರ್ಧಮಾಡಿ ಬಾಯ್ಲರಿನವನಿಗೂ ಗೋದಾಮಿನವನಿಗೂ ನನಗೂ ಸಮ ಕೊಡಿರೆಂದು ಕೇಳಿದ ಮ್ಯಾನೇಜರನನ್ನು ನೀವು ಕಂಡಿದ್ದೀರಾ? ಅಂಪೈರನಿಗೆ ಸಾವಿರ ಸಲ ತಲೆಬಾಗಿದ್ದಕ್ಕಿಂತ ಈ ಒಂದು ಜಗಳ ದೊಡ್ಡದು. ಇದಕ್ಕೆ ಸಭ್ಯತೆ ಎಂಬ ಹೆಸರು ಸಾಲದು. ನ್ಯಾಯ ಎಂಬ ಹಳೆಯ ಶಬ್ದವೇ ಬೇಕು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಅವನ ಗುಣ ಕಟ್ಟಿಕೊಂಡು ನಮಗೇನಾಗಬೇಕು?

ಆಟಗಾರನು ಆಟವನ್ನಷ್ಟೇ ಮಾರುತ್ತಿದ್ದರೆ ಹುಡುಗನ ಮಾತು ನಡೆಯುತ್ತಿತ್ತು. ಅವನ ಮನೆ, ಮದುವೆ, ಊಟ ನಮಗೆ ಸೇರಿದ್ದಲ್ಲ. ಅವುಗಳಲ್ಲಿ ಇಣುಕಿ ನೋಡುವ ಚಟ ನಮಗೆ ಹೇಸಿಗೆಯದು. ಆದರೆ ಇವತ್ತಿನ ದೊಡ್ಡ ಆಟಗಾರ ಆಟದ ಜೊತೆಗೆ ತನ್ನ ಗುಣವನ್ನೂ ಪೇಟೆಗೆ ತಂದಿಟ್ಟಿದ್ದಾನೆ. ನನ್ನನ್ನು ನಂಬಿ, ಆದುದರಿಂದ ಈ ಪಾನೀಯ ಕುಡಿಯಿರಿ, ಈ ಆಟಕ್ಕೆ ಹಣ ಹಾಕಿರಿ ಎಂದು ಪರದೆಯ ಮೇಲಿನಿಂದ ಹೇಳುತ್ತಾನೆ. ನಂಬಿಕೆ ಮಾಲಾಗಿ ಮಾರಾಟಕ್ಕೆ ಬಂದ ಮೇಲೆ ಗಿರಾಕಿಗೆ ಚೀಲದೊಳಗೆ ಕೈಹಾಕಿ ನೋಡುವ ಹಕ್ಕಿದೆ. ದೀಪಾವಳಿಯ ಬೆನ್ನಿಗೆ ನಡೆಯುವ ನಮ್ಮ ಹೋರಿ ಹಬ್ಬದಲ್ಲಿ ಹೋರಿಯ ಕೊರಳಿಗೆ ಕೊಬ್ಬರಿ ಹಾರ, ಮೈಗೆ ಜೂಲು, ಕೋಡಿಗೆ ಬಲೂನು ಕಟ್ಟುತ್ತಾರೆ. ಪಾಪ, ಹೋರಿ ಅದಕ್ಕೆ ಸಹಿ ಹಾಕಿಲ್ಲ. ಆಟಗಾರ ಸಹಿ ಹಾಕಿದ್ದಾನೆ, ಹಣ ಎಣಿಸಿಕೊಂಡಿದ್ದಾನೆ.

2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದು ಬಂದ ಪುಲ್ಲೇಲ ಗೋಪಿಚಂದ್, ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆಯವರ ಶಾಲೆಯಲ್ಲಿ ಪಳಗಿದವರು, ಬಣ್ಣದ ಪಾನೀಯದ ಜಾಹೀರಾತನ್ನು ಬೇಡವೆಂದರು. ತಾನು ಕುಡಿಯದ್ದನ್ನು ಮಕ್ಕಳಿಗೆ ಕುಡಿಯಿರೆಂದು ಹೇಗೆ ಹೇಳಲಿ ಎಂಬುದು ಅವರ ವಾದ. ಕ್ರಿಕೆಟ್ಟಿನವನಂತೆ ಹಣ ಹರಿದು ಬರುವ ಆಟ ಅವರದ್ದಾಗಿರಲಿಲ್ಲ; ಬೇಡವೆಂದ ಹಣ ಅವರಿಗೆ ಸಣ್ಣದಲ್ಲ.

ಕ್ರಿಕೆಟ್ಟಿನಲ್ಲಿ ಏನಾಯಿತು? 2018ರಲ್ಲಿ ಧೋನಿ ಡ್ರೀಮ್ ಇಲೆವೆನ್ ಎಂಬ ತಂಡ ಕಟ್ಟುವ ಹಣದಾಟದ ಮುಖವಾದರು. 2020ರ ಐಪಿಎಲ್ ಪಂದ್ಯಾವಳಿಯ ಹೆಸರನ್ನೇ ಆ ಕಂಪೆನಿ 222 ಕೋಟಿ ರೂಪಾಯಿಗೆ ಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಮದರಾಸು ಹೈಕೋರ್ಟಿನ ಮದುರೆ ಪೀಠವು ಇಂಥ ಆಟಗಳ ಜಾಹೀರಾತಿಗೆ ನಿಂತ ವಿರಾಟ್ ಕೊಹ್ಲಿ, ಸೌರವ್ ಗಂಗೂಲಿ ಮುಂತಾದವರಿಗೆ ನೋಟೀಸು ಕೊಟ್ಟಿತು. 2021ರಲ್ಲಿ ನಮ್ಮ ರಾಜ್ಯ ಸರಕಾರ ಹಣದ ಆಟಗಳನ್ನು ನಿಷೇಧಿಸಿ ಕಾನೂನು ಮಾಡಿತು; 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. ಇವು ಜಾಣ್ಮೆಯ ಆಟ, ಜೂಜಲ್ಲ ಎಂಬುದು ಕಂಪೆನಿಗಳ ವಾದ. 2023ರ ಜುಲೈಯಲ್ಲಿ ಭಾರತ ತಂಡದ ಅಂಗಿಯ ಎದೆಯ ಮೇಲೆಯೇ ಅದೇ ಕಂಪೆನಿಯ ಹೆಸರು ಬಂದು ಕುಳಿತಿತು.

ಈ ಬೋರ್ಡೇ 2019ರ ಜನವರಿಯಲ್ಲಿ ನಮ್ಮ ಕೆ. ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಅವರನ್ನು ಟೆಲಿವಿಷನ್ನಿನ ಒಂದು ಹರಟೆಯ ಕಾರ್ಯಕ್ರಮದ ಸಲುವಾಗಿ ಆಸ್ಟ್ರೇಲಿಯದಿಂದ ಮನೆಗೆ ಕಳಿಸಿ, ಅನಂತರ ತಲಾ 20 ಲಕ್ಷ ದಂಡ ಹಾಕಿಸಿದ್ದು. ಅಲ್ಲಿ ಹೆಂಗಸರ ಬಗೆಗೆ ಆಡಿದ ಮಾತು, ಅದರಲ್ಲೂ ಪಾಂಡ್ಯ ಆಡಿದ್ದು, ಕೊಳಕು. ಕ್ಷಮೆ ಕೇಳಿಸಿದ್ದು ಸರಿ. ನಮ್ಮ ತಕರಾರು ಬೇರೆ. ಇಪ್ಪತ್ತು ದಾಟಿದ ಇಬ್ಬರು ಹುಡುಗರ ನಾಲಗೆಯನ್ನು ಇಷ್ಟು ಬೇಗ ಹಿಡಿದ ಬೋರ್ಡು, ತನ್ನ ಅಂಗಿಯ ಎದೆಯನ್ನು ಯಾರಿಗೆ ಬಾಡಿಗೆಗೆ ಕೊಟ್ಟಿದೆಯೆಂದು ಏಕೆ ನೋಡಿಕೊಳ್ಳಲಿಲ್ಲ? ಬಾಯಿಂದ ಬಿದ್ದ ಹೊಲಸು ಮಾತಿಗೆ ವಿಚಾರಣೆ ನಡೆಯಿತು. ಎದೆಯ ಮೇಲೆ ಬರೆದುಕೊಂಡ ಹೆಸರಿಗೆ ನಡೆಯಲಿಲ್ಲ, ಅದು ವ್ಯವಹಾರ!

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಲೆಕ್ಕವನ್ನು ನಾವು ಎಲ್ಲ ಆಟಗಾರರಿಂದಲೂ ಕೇಳುತ್ತಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಂದಿನಿಂದ ಹಳ್ಳಿಯ ಹುಡುಗರು ಹರಾಜಿನಲ್ಲಿ ಬಿಕರಿಯಾಗುತ್ತಿದ್ದಾರೆ. ಮೊಣಕಾಲು ಮುರಿದರೆ ಮುಗಿಯಿತು. ಹತ್ತು ವರ್ಷದೊಳಗೆ ದುಡಿದದ್ದರಲ್ಲಿ ಮುಂದಿನ ನಲವತ್ತು ವರ್ಷ ಬಾಳಬೇಕು. ಅವನಿಗೆ ಅಂಗಿಯ ಮೇಲೆ ಯಾರ ಹೆಸರಿರಬೇಕೆಂದು ಕೇಳುವ ಬಾಯಿಲ್ಲ. ಅವನು ಕೂಲಿಯವನು, ನಮ್ಮವನು. ಅವನಿಗೆ ಬೇಕಾದದ್ದು ನಮ್ಮ ನಡತೆಯ ಪಾಠವಲ್ಲ, ಒಂದು ಸಂಘ. ಹರಾಜಿನಲ್ಲಿ ಕೊಂಡವನೊಡನೆ ನೂರಾರು ಕೋಟಿ ಹಂಚಿಕೊಳ್ಳುವ ಮಟ್ಟಕ್ಕೆ ಏರಿದವನನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಬ್ಯಾಟು ಬಡಿದರೆ ಅವನಿಗೂ ಪಂಚೆಯಿಲ್ಲ, ಅಂಪೈರನಿಗೆ ಬೈದರೆ ಇವನಿಗೂ ಪಂಚೆಯಿಲ್ಲ ಎಂದು ತೀರ್ಪು ಕೊಡುವುದು ಯಾವ ನ್ಯಾಯ? ಬೇಡ ಎನ್ನುವ ಶಕ್ತಿ ಯಾರಿಗಿದೆಯೋ ಅವರನ್ನೇ ಬೇಡವೆಂದೆಯಾ ಎಂದು ಕೇಳಬೇಕು.

ಚಾದಂಗಡಿಯಲ್ಲಿ ಯಜಮಾನರು ಎದ್ದು ಹೋದ ಮೇಲೆ ಹುಡುಗ ನಮ್ಮೆದುರು ತನ್ನ ಲೆಕ್ಕ ಬಿಚ್ಚಿದ. ಎರಡು ಹಂಗಾಮು ಅವನು ತಂಡ ಕಟ್ಟುವ ಆಟವೊಂದಕ್ಕೆ ದಿನಾ ಹಣ ಹಾಕಿದ್ದನಂತೆ. ಮೊದಲು ನಲವತ್ತೊಂಬತ್ತು ರೂಪಾಯಿ, ಆಮೇಲೆ ನೂರು, ಆಮೇಲೆ ಐನೂರು. ಯಾವ ಕಂಪೆನಿಯದೆಂದು ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಏಕೆ ನಂಬಿದೆ ಎಂದು ಮಾತ್ರ ಕೇಳಿದೆವು. "ದೊಡ್ಡ ಮನಶ್ಯಾ ಹೇಳಿದ್ನಲ್ರಿ" ಎಂದ. ಸುಗ್ಗಿಯಲ್ಲಿ ಚೀಲ ಹೊತ್ತ ಕೂಲಿ ಹೋಗಿ, ತೊಟ್ಟು ಬಿಡಿಸಿ ಅವನ ತಾಯಿ ಕೂಡಿಟ್ಟದ್ದು ಹೋಗಿ, ಹದಿನೆಂಟು ಸಾವಿರ ಕೈಗಡ ಉಳಿದಿದೆ. ಅರ್ಧ ಗಂಟೆಯ ಹಿಂದೆ ಅವನ ಗುಣ ಕಟ್ಟಿಕೊಂಡು ನಮಗೇನು ಎಂದವನು ಇವನೇ.

2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಆ ತಿಂಗಳಲ್ಲೇ ತಂಡದ ಅಂಗಿಯ ಮೇಲಿನ ಹೆಸರು ಕಿತ್ತುಹೋಯಿತು. ಸೆಪ್ಟೆಂಬರಿನಲ್ಲಿ ಟೈರು ಕಂಪೆನಿಯೊಂದು ಆ ಜಾಗವನ್ನು ಕೊಂಡಿತು. ಜಾಹೀರಾತಿನಲ್ಲಿ ನಕ್ಕ ಮಹನೀಯರಲ್ಲಿ ಒಬ್ಬರಾದರೂ ಪಡೆದ ಹಣದಲ್ಲಿ ಒಂದು ಪಾಲನ್ನು ಸೋತವರಿಗೆ ಹಿಂದಿರುಗಿಸಿದ ಸುದ್ದಿ ನಮ್ಮ ಕಿವಿಗೆ ಇನ್ನೂ ಬಿದ್ದಿಲ್ಲ. ಹುಡುಗ ಈ ಸುಗ್ಗಿಯಲ್ಲಿ ರಾತ್ರಿ ಪಾಳಿಯಲ್ಲಿಯೂ ಲಾರಿ ತುಂಬುತ್ತಿದ್ದಾನೆ.